ಸಿಂಧು ಹೇಳಿದ ಸುಳ್ಳು

ನಾಗಪುರದಿಂದ ಛಿಂದ್ವಾಡಾ ದಾರಿ ಹಿಡಿದರೆ ಸಾವನೇರ್ ಎಂಬ ಊರು ಸಿಗುತ್ತದೆ. ಸುತ್ತ ಹತ್ತಿ, ಕಿತ್ತಳೆ, ಕಲ್ಲಿದ್ದಲು ಗಣಿ. ಮರಾಠಿ ನಾಟಕಕಾರ ರಾಮ ಗಣೇಶ ಗಡಕರಿ ತೀರಿಕೊಂಡದ್ದು ಈ ಊರಲ್ಲಿ, 1919ರ ಜನವರಿ 23ರಂದು. ಆಗ ಅವರಿಗೆ ಬರೀ 33 ವರ್ಷ. ಹುಟ್ಟಿದ್ದು ಗುಜರಾತಿನ ನವಸಾರಿಯಲ್ಲಿ, ಹೆಸರು ಮಾಡಿದ್ದು ಪುಣೆಯ ಕಡೆ, ಕ್ಷಯ ಹಿಡಿದು ಕೊನೆಯ ದಿನಗಳಿಗೆ ಬಂದು ಸೇರಿದ್ದು ವಿದರ್ಭದ ಈ ಮೂಲೆಗೆ. ಅವರು ಹೋದ ಮರುತಿಂಗಳು ಬರೋಡಾದಲ್ಲಿ ಗಂಧರ್ವ ನಾಟಕ ಮಂಡಳಿ ಅವರ ‘ಏಕಚ್ ಪ್ಯಾಲಾ’ ನಾಟಕವನ್ನು ರಂಗಕ್ಕೆ ತಂದಿತು. ಬರೆದವನು ನೋಡಲಿಲ್ಲ. ಸಂಗೀತ ನಾಟಕವೆಂದ ಮೇಲೆ ಹಾಡು ಬೇಕಲ್ಲ, ಅದನ್ನು ಬರೆಯುವುದಕ್ಕೂ ಗಡಕರಿಗೆ ಆಯುಷ್ಯ ಸಾಲಲಿಲ್ಲ. ವಿಠ್ಠಲ ಸೀತಾರಾಮ ಗುರ್ಜರ ಎಂಬ ಕಥೆಗಾರರು ಪದಗಳನ್ನು ಬರೆದುಕೊಟ್ಟರು. ಹೀಗೆ ಅರ್ಧ ಅನಾಥವಾಗಿ ಹುಟ್ಟಿದ ನಾಟಕ ನೂರು ವರ್ಷ ಮೀರಿ ಬದುಕಿದೆ.

ಕೆಲಸದ ಮೇಲೆ ನಾಗಪುರಕ್ಕೆ ಬಂದ ನಮ್ಮಂಥವರಿಗೆ ಮರಾಠಿ ಮೊದಲು ಸಿಗುವುದು ತರಕಾರಿ ಅಂಗಡಿಯಲ್ಲಿ, ಆಮೇಲೆ ಆಟೋದಲ್ಲಿ, ಕೊನೆಗೆ ಪುಸ್ತಕದಲ್ಲಿ. ಪುಸ್ತಕದವರೆಗೆ ಹೋದವರಿಗೆ ಯಾರಾದರೊಬ್ಬ ಮರಾಠಿ ಗೆಳೆಯರು ಈ ನಾಟಕದ ಹೆಸರು ಹೇಳಿಯೇ ಹೇಳುತ್ತಾರೆ. ಹೇಳುವಾಗ ಒಂದು ನಗೆ ಬರುತ್ತದೆ. ಯಾಕೆಂದರೆ ‘ಏಕಚ್ ಪ್ಯಾಲಾ’ ಅನ್ನುವುದು ಈಗ ಅವರಲ್ಲಿ ಗಾದೆಯಂತೆ ಆಗಿಬಿಟ್ಟಿದೆ: ಎಣ್ಣೆ ಪಾರ್ಟಿಗೆ ಕರೆಯುವಾಗಲೂ ಅದೇ ಮಾತು, ಕುಡುಕನನ್ನು ಆಡಿಕೊಳ್ಳುವಾಗಲೂ ಅದೇ ಮಾತು. ನಾಟಕ ಓದಿದ ಮೇಲೆ ಆ ನಗೆ ನನಗೆ ಅಷ್ಟು ಸುಲಭವಾಗಿ ಬರುತ್ತಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಸುಧಾಕರ ಬುದ್ಧಿವಂತ ವಕೀಲ. ಬಡತನದಿಂದ ಮೇಲೆ ಬಂದವನು, ಅಭಿಮಾನಿ, ಮೂಗಿನ ತುದಿಯಲ್ಲೇ ಸಿಟ್ಟು. ಹೆಂಡತಿ ಸಿಂಧು ಸಿರಿವಂತರ ಮನೆಯ ಮಗಳು. ಕೋರ್ಟಿನಲ್ಲಿ ಮುನ್ಸೀಫನ ಜತೆ ಮಾತಿಗೆ ಮಾತು ಬೆಳೆದು ಸುಧಾಕರನ ವಕೀಲಿ ಸನದು ಕೆಲಕಾಲಕ್ಕೆ ರದ್ದಾಗುತ್ತದೆ. ಅವಮಾನದಿಂದ ಕುದಿಯುತ್ತಿರುವವನ ಮುಂದೆ ಗುಮಾಸ್ತ ತಳೀರಾಮ ಒಂದು ಪ್ಯಾಲೆ ಹಿಡಿಯುತ್ತಾನೆ: ಮರೆಯಲಿಕ್ಕೆ, ಒಂದೇ ಒಂದು. ಅಲ್ಲಿಂದ ಮುಂದೆ ಒಡವೆ ಹೋಗುತ್ತದೆ, ಮನೆ ಹೋಗುತ್ತದೆ, ಗೆಳೆಯ ರಾಮಲಾಲನ ಮೇಲೂ ಹೆಂಡತಿಯ ಮೇಲೂ ಅನುಮಾನ ಹುಟ್ಟುತ್ತದೆ. ತವರಿಗೆ ಹೋಗಲು ಒಪ್ಪದ ಸಿಂಧು ಬೀಸುಕಲ್ಲಿಗೆ ಕೂತು ಊರವರ ಕಾಳು ಬೀಸಿ ಗಂಜಿ ಕಾಣಿಸುತ್ತಾಳೆ. ಸುಧಾಕರ ಒಮ್ಮೆ ಆಣೆ ಮಾಡಿ ಬಿಡುತ್ತಾನೆ, ಕೆಲಸ ಹುಡುಕಿಕೊಂಡು ಹೋಗುತ್ತಾನೆ, ನಿನ್ನೆ ಮೊನ್ನೆ ಕೈಮುಗಿದವರೇ ಮುಖ ತಿರುಗಿಸುತ್ತಾರೆ, ಮತ್ತೆ ಪ್ಯಾಲೆ. ಕೊನೆಗೆ ಅಮಲಿನಲ್ಲಿ ಎತ್ತಿದ ಕೋಲಿಗೆ ಕೂಸು ಬಲಿಯಾಗುತ್ತದೆ, ಸಿಂಧುವೂ ಉಳಿಯುವುದಿಲ್ಲ. ವಿಷ ಬೆರೆಸಿದ ಕೊನೆಯ ಪ್ಯಾಲೆ ಸುಧಾಕರನಿಗೆ.

ಹೀಗೆ ಹೇಳಿದರೆ ಸರ್ಕಾರಿ ಜಾಹೀರಾತಿನ ಕಥೆಯಂತೆ ಕೇಳುತ್ತದೆ, ಅಲ್ಲವೇ? ಐದು ಅಂಕ ಓದಿದರೆ ಹಾಗಲ್ಲ. ಗಡಕರಿಯ ಕೈಯಲ್ಲಿ ಎರಡು ಬೇರೆ ಬೇರೆ ಕಲಂ ಇವೆ. ಗೋವಿಂದಾಗ್ರಜ ಎಂಬ ಹೆಸರಲ್ಲಿ ಕವಿತೆ ಬರೆದವನೂ ಅವನೇ, ಬಾಳಕರಾಮ ಎಂಬ ಹೆಸರಲ್ಲಿ ಹಾಸ್ಯ ಬರೆದವನೂ ಅವನೇ. ಈ ನಾಟಕದಲ್ಲಿ ಇಬ್ಬರೂ ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ. ಸುಧಾಕರನ ಉದ್ದುದ್ದ ಮಾತುಗಳು ಇವತ್ತಿಗೆ ಭಾರ. ಉಪಮೆಯ ಮೇಲೆ ಉಪಮೆ, ಒಂದು ವಾಕ್ಯ ಮುಗಿಯುವಷ್ಟರಲ್ಲಿ ನಾಲ್ಕು ಅಲಂಕಾರ. ಇಂದಿನ ನಟ ಅದನ್ನು ಕತ್ತರಿಸದೆ ಹೇಳಿದರೆ ಪ್ರೇಕ್ಷಕ ಮೊಬೈಲು ತೆಗೆಯುತ್ತಾನೆ. ಆದರೆ ‘ಆರ್ಯ ಮದಿರಾ ಮಂಡಳ’ದ ದೃಶ್ಯಗಳಿಗೆ ಬನ್ನಿ. ಕುಡುಕರೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ಅದಕ್ಕೆ ನಿಯಮಗಳಿವೆ, ಭಾಷಣಗಳಿವೆ, ಕುಡಿತಕ್ಕೆ ದೇಶಭಕ್ತಿಯ ಸಮರ್ಥನೆಯಿದೆ, ಶಾಸ್ತ್ರದ ಸಮರ್ಥನೆಯಿದೆ. ಆ ಕಾಲದ ಸಭೆ-ಸಮಿತಿಗಳ ಭಾಷೆಯನ್ನೇ ತೆಗೆದುಕೊಂಡು ಗಡಕರಿ ಕುಡುಕರ ಬಾಯಿಗೆ ಹಾಕಿದ್ದಾರೆ. ಟಿಳಕರ ಮುಂದಾಳತ್ವದಲ್ಲಿ 1908ರಲ್ಲಿ ಪುಣೆಯ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆದ ನೆನಪು ಹಸಿಯಾಗಿದ್ದ ಪ್ರೇಕ್ಷಕರಿಗೆ ಇದು ಎಲ್ಲೆಲ್ಲಿ ಚುಚ್ಚಿರಬೇಕೆಂದು ಊಹಿಸಬಹುದು.

ಈ ಮಂಡಳದಲ್ಲಿ ಗಡಕರಿ ಕಂಡ ಒಂದು ಸಂಗತಿ ಹಾಸ್ಯದ ನಡುವೆ ಕಣ್ತಪ್ಪಿ ಹೋಗುತ್ತದೆ. ಕುಡಿಯಲು ಸಂಘವಿದೆ, ಬಿಡಲು ಇಲ್ಲ. ಸುಧಾಕರ ಕುಡಿಯುವಾಗ ಸುತ್ತ ಹತ್ತು ಜನ ಇರುತ್ತಾರೆ, ಬಿಟ್ಟೆ ಎಂದು ಹೊರಟಾಗ ಒಬ್ಬನೇ ಹೋಗುತ್ತಾನೆ. ಅವನ ಕೈಲಿರುವುದು ಒಂದು ಆಣೆ ಮಾತ್ರ. 1919ರಲ್ಲಿ ಅದಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ಕುಡಿತವನ್ನು ಹಂತ ಹಂತವಾಗಿ ಬೆಳೆಯುವ ಕಾಯಿಲೆ ಎಂದು ಜೆಲಿನೆಕ್ ಎಂಬಾತ ಬರೆದದ್ದು 1952ರಲ್ಲಿ. ಡೈಸಲ್ಫಿರಾಂ ಎಂಬ ಮಾತ್ರೆ ಡೆನ್ಮಾರ್ಕಿನಿಂದ ಹೊರಬಂದದ್ದು 1948ರಲ್ಲಿ. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಕುತ್ತಾಗಬಹುದು, ಆದ್ದರಿಂದ ವೈದ್ಯರ ಕಣ್ಣೆದುರಿಗೆ ಬಿಡಿಸಬೇಕು ಎಂಬುದು ನಮಗೆ ಗೊತ್ತಿರುವ ವಿಷಯ. ಸುಧಾಕರನ ಕಾಲದಲ್ಲಿ ಇದೆಲ್ಲ ‘ಮನಸ್ಸು ಗಟ್ಟಿ ಮಾಡು’ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ನಮ್ಮ ಮನೆಗಳಲ್ಲಿ ಈಗಲೂ ಬಹಳ ಕಡೆ ಅಲ್ಲೇ ಮುಗಿಯುತ್ತದೆ.

ಹಾಗಿದ್ದೂ ವೈದ್ಯರಿಗಿಂತ ಮೊದಲೇ ಗಡಕರಿಗೆ ಎರಡು ವಿಷಯ ಹೊಳೆದಿದ್ದವು. ಕುಡಿತ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯನನ್ನು ಇಳಿಸುತ್ತದೆಂದು ಸುಧಾಕರ ರಾಮಲಾಲನಿಗೆ ಬಿಡಿಸಿ ಹೇಳುವ ಭಾಗವಿದೆ. ತನ್ನ ನಾಶವನ್ನು ತಾನೇ ಇಷ್ಟು ಚೆನ್ನಾಗಿ ಬಲ್ಲವನು ಯಾಕೆ ಬಿಡಲಾರ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ, ಉತ್ತರ ಸಿಗುವುದಿಲ್ಲ. ಉತ್ತರ ಸಿಗದಿರುವುದೇ ಆ ದೃಶ್ಯದ ಬಲ. ಇನ್ನೊಂದು, ನಾಟಕದ ಹೆಸರು. ಹಾಳು ಮಾಡುವುದು ಹತ್ತನೆಯದಲ್ಲ, ಮೊದಲನೆಯದು. ಹದಿನಾರು ವರ್ಷದ ನಂತರ, 1935ರಲ್ಲಿ, ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು, ಒಬ್ಬ ಶೇರು ದಲ್ಲಾಳಿ, ಇನ್ನೊಬ್ಬ ಡಾಕ್ಟರು, ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಳ್ಳುತ್ತ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದನ್ನೇ ಹೇಳುತ್ತ ಬಂದಿದೆ: ಇವತ್ತೊಂದು ದಿನ ಆ ಮೊದಲನೆಯದನ್ನು ಮುಟ್ಟಬೇಡ. ಅವರು ಮಾಡಿದ್ದು, ಒಂದರ್ಥದಲ್ಲಿ, ಆರ್ಯ ಮದಿರಾ ಮಂಡಳವನ್ನೇ ತಲೆಕೆಳಗು ಮಾಡಿ ನಿಲ್ಲಿಸಿದ್ದು. ಕುಡುಕನಿಗೆ ಕುಡುಕನ ಸಂಗವೇ ಬೇಕು ಎಂದು ಇಬ್ಬರಿಗೂ ಗೊತ್ತಿತ್ತು.

ಈಗ ಸಿಂಧುವಿಗೆ ಬರೋಣ. ನಾಟಕ ಬದುಕಿರುವುದು ಅವಳಿಂದ. ನನ್ನ ತಕರಾರು ಇರುವುದೂ ಅವಳಲ್ಲೇ.

ಮೊದಲ ಪ್ರಯೋಗದಲ್ಲಿ ಸಿಂಧು ಆದವರು ಬಾಲಗಂಧರ್ವ. ಬೆಲೆಬಾಳುವ ಸೀರೆ-ಒಡವೆಗಳಿಗೆ ಹೆಸರಾದ, ಊರಿನ ಹೆಂಗಸರು ಅವರನ್ನು ನೋಡಿ ಸೀರೆ ಉಡಲು ಕಲಿಯುತ್ತಿದ್ದರೆಂದು ಹೇಳಲಾಗುವ ನಟ, ತೇಪೆ ಹಾಕಿದ ಸೀರೆಯುಟ್ಟು ಬೀಸುಕಲ್ಲಿನ ಮುಂದೆ ಕೂತರು. ಎದುರಿಗೆ ಸುಧಾಕರನಾಗಿ ಗಣಪತರಾವ್ ಬೋಡಸ. ಜನ ಅತ್ತರು. ಮರಾಠಿ ಸಂಗೀತ ನಾಟಕ ನಮಗೆ ಹೊರಗಿನದೇನಲ್ಲ. ಅದನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದಲ್ಲಿ ಸ್ತ್ರೀಪಾತ್ರ ಹಾಡಿದವರು. ಮುಂದೆ ಗಂಧರ್ವ ಮಂಡಳಿಗೆ ಸೇರಿ ನಾಯಕಿಯ ಪಾತ್ರಗಳನ್ನು ಮಾಡಿದ, ಬಾಲಗಂಧರ್ವರ ಬಾಳಿನಲ್ಲೂ ಸೇರಿಕೊಂಡ ಗೋಹರಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. ಹಾಗಾಗಿ ಸಿಂಧುವಿನ ಕಣ್ಣೀರಿನಲ್ಲಿ ನಮ್ಮ ಪಾಲೂ ಇದೆ ಎಂದು ಇಟ್ಟುಕೊಂಡೇ ಮಾತಾಡುತ್ತೇನೆ.

ಸಾಯುವ ಮುಂಚೆ ಸಿಂಧುವಿನ ಹೇಳಿಕೆ ತೆಗೆದುಕೊಳ್ಳಲು ಫೌಜದಾರ ಬರುತ್ತಾನೆ. ಹೊಡೆದವರು ಯಾರು? ಯಾರೂ ಇಲ್ಲ, ತಾನೇ ಬಿದ್ದೆ ಎನ್ನುತ್ತಾಳೆ ಸಿಂಧು. ಗಂಡನನ್ನು ಉಳಿಸಿ ಕಣ್ಣು ಮುಚ್ಚುತ್ತಾಳೆ. ನೂರು ವರ್ಷ ಈ ಸುಳ್ಳಿಗೆ ಚಪ್ಪಾಳೆ ಬಿದ್ದಿದೆ. ಪತಿವ್ರತೆಯ ಪರಮಾವಧಿ ಎಂದು ವಿಮರ್ಶಕರು ಬರೆದಿದ್ದಾರೆ. ಇನ್ನೊಂದು ಕಡೆಯವರು, ಮುಖ್ಯವಾಗಿ ಸ್ತ್ರೀವಾದಿ ಓದಿನವರು, ಇಂಥ ಹೆಣ್ಣನ್ನು ಆದರ್ಶ ಮಾಡಿದ್ದಕ್ಕೆ ಗಡಕರಿಯನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಎರಡೂ ಓದುಗಳು ಸಿಂಧುವನ್ನು ನಾಟಕಕಾರ ಕಟ್ಟಿದ ಗೊಂಬೆ ಎಂದೇ ನೋಡುತ್ತವೆ. ನನಗೆ ಆ ಸುಳ್ಳು ಆದರ್ಶವಾಗಿ ಕೇಳಿಸಲಿಲ್ಲ, ಬಹಳ ಪರಿಚಿತವಾಗಿ ಕೇಳಿಸಿತು. ಗದಗಿನಲ್ಲಿದ್ದ ನನ್ನ ಸೋದರತ್ತೆ ಇಂಥದ್ದೊಂದು ವಾಕ್ಯವನ್ನು ಸದಾ ಸಿದ್ಧ ಇಟ್ಟುಕೊಂಡಿರುತ್ತಿದ್ದಳು. “ಬಚ್ಚಲದಾಗ ಕಾಲು ಜಾರಿತು.” ಕೇಳುವ ಮೊದಲೇ ಹೇಳುತ್ತಿದ್ದಳು. ಕೇಳಿದವರೆಲ್ಲರಿಗೂ ಗೊತ್ತಿತ್ತು, ಯಾರೂ ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಬಚ್ಚಲು ಬಹಳ ಜಾರುತ್ತಿತ್ತು.

ಕುಡುಕನ ಮನೆಯಲ್ಲಿ ಮೊದಲು ಕಲಿಯುವ ಭಾಷೆ ಇದು. ಹೆಂಡತಿ ಆಫೀಸಿಗೆ ಫೋನು ಮಾಡಿ ಅವರಿಗೆ ಜ್ವರ ಅನ್ನುತ್ತಾಳೆ. ಮಗ ಸಾಲದವನಿಗೆ ಅಪ್ಪ ಊರಲ್ಲಿಲ್ಲ ಅನ್ನುತ್ತಾನೆ. ತಾಯಿ ಬೀಗರೆದುರು ನಮ್ಮ ಹುಡುಗ ಪಾರ್ಟಿ ಇದ್ದಾಗ ಮಾತ್ರ ಅನ್ನುತ್ತಾಳೆ. ಈ ಸುಳ್ಳುಗಳ ಹಿಂದೆ ಪ್ರೀತಿ ಇದೆ, ಮಾನದ ಭಯ ಇದೆ, ಹೊಟ್ಟೆಪಾಡಿನ ಲೆಕ್ಕವೂ ಇದೆ. ಅವನ ಕೆಲಸ ಹೋದರೆ ಉಣ್ಣುವುದೇನು? 1951ರಲ್ಲಿ ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್, ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆಯೇ ಕೂಟ ಶುರು ಮಾಡಿದ್ದು ಸುಮ್ಮನೆ ಅಲ್ಲ. ಗಂಡ ಕುಡಿತ ಬಿಟ್ಟ ಮೇಲೂ ಅವಳ ಕಾಯಿಲೆ ಹಾಗೇ ಇತ್ತು. ಅಲ್ಲಿ ಹೆಂಡತಿಯರಿಗೆ ಹೇಳಿಕೊಡುವುದು ಸರಳ: ಇದನ್ನು ನೀನು ಹುಟ್ಟಿಸಲಿಲ್ಲ, ನಿನ್ನ ಕೈಲಿ ತಡೆಯಲೂ ಆಗದು, ವಾಸಿ ಮಾಡಲೂ ಆಗದು. ಸಿಂಧುವಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಅವಳು ಬೀಸುಕಲ್ಲು ತಿರುಗಿಸುತ್ತ ತನ್ನ ತ್ಯಾಗ ಸಾಲಲಿಲ್ಲವೇನೋ ಎಂದುಕೊಳ್ಳುತ್ತಾಳೆ. ಅವಳು ಬೀಸಿ ತಂದ ಹಿಟ್ಟಿನಿಂದ ಮನೆ ನಡೆಯುತ್ತದೆ, ಆದ್ದರಿಂದಲೇ ಕುಡಿತವೂ ನಡೆಯುತ್ತದೆ. ನಾಟಕಕಾರ ಇದನ್ನು ಅರಿತು ಬರೆದನೋ, ಅಳಿಸಲು ಮಾತ್ರ ಬರೆದನೋ, ನನಗೆ ಅದು ಮುಖ್ಯವಲ್ಲ. ಬರೆದದ್ದು ಮಾತ್ರ ಸರಿಯಾಗಿದೆ.

ಕನ್ನಡದಲ್ಲಿ ಕುಡುಕನ ಹೆಂಡತಿ ಎಲ್ಲಿದ್ದಾಳೆ ಎಂದು ಹುಡುಕತೊಡಗಿದ್ದು ಈ ನಾಟಕ ಓದಿದ ಮೇಲೆ. ಹುಡುಕಿದರೆ ಮೊದಲು ಎದುರಾಗುವವಳು ನಂಜಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನ ನಂಜಿ. ಹೊರನಾಡಿನ ಯಾವ ಕನ್ನಡ ಸಂಘದ ರಾಜ್ಯೋತ್ಸವವೂ ರತ್ನನ ಪದ ಇಲ್ಲದೆ ಮುಗಿಯುವುದಿಲ್ಲ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಮೇಲೆ ಆ ಪದಗಳು ಪುಸ್ತಕದಿಂದ ಇಳಿದು ಬೀದಿಗೆ, ಬೀದಿಯಿಂದ ನಮ್ಮ ವಾಟ್ಸಾಪಿಗೆ ಬಂದಿವೆ. ಗಡಕರಿಯ ನಾಟಕ ಬಂದು ಇನ್ನೂ ಎರಡು ದಶಕ ಕಳೆಯುವ ಮೊದಲೇ, ಮೂವತ್ತರ ದಶಕದಲ್ಲಿ, ಹೆಂಡ ಮುಟ್ಟದ ಒಬ್ಬ ಕನ್ನಡ ಮೇಷ್ಟ್ರು ಕುಡುಕನ ನಾಲಗೆಯಿಂದ ಕನ್ನಡಕ್ಕೊಂದು ಹೊಸ ನಾಲಗೆ ಕೊಟ್ಟರು. ಅದರ ಕಾವ್ಯಶಕ್ತಿಯ ಬಗ್ಗೆ ನನಗೆ ತಕರಾರಿಲ್ಲ.

ಆದರೆ ನಾವೆಲ್ಲ ಎದ್ದು ನಿಂತು ಹಾಡುವ ಆ ಪದದಲ್ಲಿ ನಡೆಯುವುದೇನು? ದೇವರು ಬಂದು ಭಕ್ತನನ್ನು ಪರೀಕ್ಷಿಸುತ್ತಾನೆ. ಹೆಂಡ ಬಿಡು ಎಂದರೆ ರತ್ನ ಬಿಡುತ್ತಾನೆ. ಹೆಂಡತಿಯ ಮೇಲಿನ ಪ್ರೀತಿ ಬಿಡು ಎಂದರೆ ಅದನ್ನೂ ಬಿಡುತ್ತಾನೆ. ಕನ್ನಡ ಬಿಡು ಎಂದರೆ ಮಾತ್ರ ದೇವರಿಗೇ ಗ್ರಹಚಾರ. ಚಪ್ಪಾಳೆ ಅಲ್ಲಿಗೆ ಬೀಳುತ್ತದೆ. ಭಾಷಾಪ್ರೇಮದ ಪದ್ಯವಾಗಿ ಅದು ಅಮೋಘ, ಅನುಮಾನವಿಲ್ಲ. ಆದರೆ ಸುಧಾಕರನನ್ನು ಪಕ್ಕದಲ್ಲಿಟ್ಟು ಓದಿ ನೋಡಿ. ಹೆಂಡ ಬಿಡುವುದು ರತ್ನನಿಗೆ ಒಂದು ಸಾಲಿನ ಕೆಲಸ. ಐದು ಅಂಕ ಸುಧಾಕರ ಮಾಡಲಾರದೆ ಸತ್ತ ಕೆಲಸ ಅದು. ಇನ್ನು ನಂಜಿ, ಅವಳು ಹೆಂಡದ ಜತೆ ಒಂದೇ ಪಟ್ಟಿಯಲ್ಲಿ ಬಂದು ಹೋಗುತ್ತಾಳೆ. ಬೇರೆ ಪದಗಳಲ್ಲಿ ರತ್ನ ಅವಳನ್ನು ಅಪರಂಜಿಯಂತೆ ಬಣ್ಣಿಸುತ್ತಾನೆ, ಮುದ್ದು ಮಾಡುತ್ತಾನೆ. ಅವಳ ರಾತ್ರಿಗಳು ಹೇಗಿದ್ದವು, ಹಿಟ್ಟಿನ ಡಬ್ಬಿಯಲ್ಲಿ ಏನಿತ್ತು ಅನ್ನುವುದು ರತ್ನನ ಕಣ್ಣಿಗೆ ಬೀಳುವ ವಿಷಯಗಳಲ್ಲ. ಕವಿತೆ ರತ್ನನ ಕಣ್ಣಿನದು, ಒಪ್ಪುತ್ತೇನೆ. ಆ ಕಣ್ಣನ್ನೇ ನಾವು ಕನ್ನಡದ ಕಣ್ಣು ಮಾಡಿಕೊಂಡೆವು ಅನ್ನುವುದಷ್ಟೇ ನನ್ನ ಮಾತು.

ನಮ್ಮಲ್ಲಿ ಕುಡಿತಕ್ಕೆ ಇನ್ನೂ ಹಳೆಯ ಮರ್ಯಾದೆಯಿದೆ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ ತನ್ನ ಕಾಯಕದ ಹೆಂಡವನ್ನೇ ಅನುಭಾವದ ರೂಪಕ ಮಾಡಿಕೊಂಡ ವಚನಕಾರ. ಕಾರಂತರ ಚೋಮ ಕುಡಿಯುತ್ತಾನೆ, ಆದರೆ ಅಲ್ಲಿ ಕುಡಿತಕ್ಕಿಂತ ದೊಡ್ಡ ದುಃಖ ಭೂಮಿಯದು, ಜಾತಿಯದು. ಕಾದಂಬರಿ ಸರಿಯಾಗಿಯೇ ಆ ಕಡೆ ಬೆರಳು ತೋರುತ್ತದೆ. ಒಟ್ಟಿನಲ್ಲಿ ಕನ್ನಡದ ಕುಡುಕ ಒಂದೋ ಅನುಭಾವಿ, ಒಂದೋ ವಿದೂಷಕ, ಒಂದೋ ವ್ಯವಸ್ಥೆಯ ಬಲಿ. ಮೂವರೂ ಓದುವ ನಮ್ಮಿಂದ ದೂರದವರು. ಸುಧಾಕರ ಹಾಗಲ್ಲ. ಅವನು ಡಿಗ್ರಿ ಇರುವವನು, ಬಾಯಿ ಇರುವವನು, ಒಳ್ಳೆಯ ಸಂಬಳದವನು. ಒಂದು ದಿನ ಆಫೀಸಿನಲ್ಲಿ ಮೇಲಿನವನ ಜತೆ ಜಗಳವಾಗಿ ಅವಮಾನ ನುಂಗಿಕೊಂಡು ಬಂದವನು. ಶುಕ್ರವಾರ ಸಂಜೆ ಟೀಂ ಡಿನ್ನರಿನಲ್ಲಿ ಪಕ್ಕದಲ್ಲಿ ಕೂತಿರುತ್ತಾನೆ. ‘ಒಂದೇ ಒಂದು’ ಎನ್ನುವವರೂ ಅಲ್ಲೇ ಇರುತ್ತಾರೆ. ಅವರು ಯಾರೂ ತಳೀರಾಮನಂತೆ ಕಾಣುವುದಿಲ್ಲ.

ನಾಗಪುರದಲ್ಲಿ ಕೂತು ಈ ನಾಟಕ ಓದುವುದಕ್ಕೆ ಬೇರೊಂದು ರುಚಿ ಇದೆ, ಯಾಕೆಂದರೆ ಬಿಡುವುದರ ಚರಿತ್ರೆ ಈ ಊರಿನ ಸುತ್ತ ದಟ್ಟವಾಗಿದೆ. ಇಲ್ಲಿನ ದೀಕ್ಷಾಭೂಮಿಯಲ್ಲಿ 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ತಮ್ಮ ಲಕ್ಷಾಂತರ ಅನುಯಾಯಿಗಳಿಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಬೌದ್ಧರ ಪಂಚಶೀಲದಲ್ಲಿ ಐದನೆಯದು ಅದೇ. (ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರಲ್ಲಿ ರತ್ನನ ಜನಕ ರಾಜರತ್ನಂ ಒಬ್ಬರು ಅನ್ನುವುದು ಇಲ್ಲಿ ನೆನಪಾಗಿ ನಗು ಬರುತ್ತದೆ.) ಸುಧಾಕರನ ಆಣೆಗೂ ಈ ಪ್ರತಿಜ್ಞೆಗೂ ಇರುವ ಅಂತರ ನೋಡಿ. ಅವನು ಹೆಂಡತಿಯೆದುರು ಗುಟ್ಟಾಗಿ ಆಣೆ ಮಾಡಿದ. ಇವರು ಬಯಲಿನಲ್ಲಿ, ಅಕ್ಕಪಕ್ಕದವರು ಕೇಳುವಂತೆ, ಹೊಸ ಬದುಕಿನ ಭಾಗವಾಗಿ ಹೇಳಿದರು. ಎಲ್ಲರೂ ಉಳಿಸಿಕೊಂಡರೆಂದು ನಾನು ಹೇಳುತ್ತಿಲ್ಲ. ಬಿಡುವವನು ಒಬ್ಬಂಟಿಯಾಗಿರಲಿಲ್ಲ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಪಕ್ಕದ ವರ್ಧಾ ಜಿಲ್ಲೆಯಲ್ಲಿ, ಗಾಂಧಿಯ ಸೇವಾಗ್ರಾಮ ಇರುವ ಕಾರಣಕ್ಕೆ, ಎಪ್ಪತ್ತರ ದಶಕದಿಂದ ಪಾನನಿಷೇಧವಿದೆ. ಗಡಚಿರೋಲಿಯಲ್ಲಿ 1993ರಿಂದ ಇದೆ. ಚಂದ್ರಪುರದಲ್ಲಿ 2015ರಲ್ಲಿ ತಂದು 2021ರಲ್ಲಿ ತೆಗೆದರು. ನಿಷೇಧದ ಪರ-ವಿರೋಧದ ವಾದ ಈ ಲೇಖನದ ಹೊಲವಲ್ಲ, ಕಳ್ಳಬಟ್ಟಿಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ವಿಮರ್ಶೆಯ ಮಾತು ಬೇರೆ: ಇಲ್ಲೆಲ್ಲ ನಿಷೇಧ ಬೇಕೆಂದು ಬೀದಿಗಿಳಿದವರಲ್ಲಿ ಹೆಂಗಸರೇ ಮುಂದು. 2019ರ ಜನವರಿ ಕೊನೆಯಲ್ಲಿ, ಗಡಕರಿ ಸತ್ತು ಸರಿಯಾಗಿ ನೂರು ವರ್ಷವಾದ ದಿನಗಳಲ್ಲಿ, ನಮ್ಮಲ್ಲೂ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಅವರಲ್ಲಿ ರಾಯಚೂರಿನಂಥ ದೂರದ ಜಿಲ್ಲೆಗಳಿಂದ ಬಂದ ಬಡ ಹೆಂಗಸರೇ ಹೆಚ್ಚು. ಅವರು ಕ್ಯಾಮೆರಾ ಮುಂದೆ ನಿಂತು ತಮಗೆ ಹೊಡೆದವರು ಯಾರೆಂದು ಹೇಳಿದರು. ಬಚ್ಚಲ ಮೇಲೆ ಯಾರೂ ಹಾಕಲಿಲ್ಲ. ಆ ಸುದ್ದಿ ಬಂದ ದಿನಗಳಲ್ಲಿ ಈ ಪತ್ರಿಕೆಯನ್ನು ಓದುವಂಥ ನಮ್ಮ ಮಂದಿ, ಫ್ಲ್ಯಾಟಿನ ಬಾಗಿಲು ಹಾಕಿಕೊಂಡವರು, ಇದು ಹಳ್ಳಿಯವರ ಸಮಸ್ಯೆ ಎಂದು ಲೈಕ್ ಒತ್ತಿ ಮುಂದೆ ಹೋದೆವು.

ನಾಟಕದಲ್ಲಿ ಚೇತರಿಸಿಕೊಂಡವನು ಒಬ್ಬನಿದ್ದಾನೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಭಗೀರಥ ಎಂಬ ತರುಣ. ಪ್ರೇಮಭಂಗವಾಗಿ ಮದಿರಾ ಮಂಡಳ ಸೇರಿದವನು. ರಾಮಲಾಲ ಅವನನ್ನು ಎತ್ತಿ ನಿಲ್ಲಿಸಿ ಜನರ ಕೆಲಸಕ್ಕೆ ಹಚ್ಚುತ್ತಾನೆ. ಗಡಕರಿ ಈ ಎಳೆಯನ್ನು ಅವಸರದಲ್ಲಿ ಬರೆದಿದ್ದಾರೆ, ಬದಲಾವಣೆ ನಂಬುವಂತಿಲ್ಲ, ಸುಧಾರಣಾವಾದಿ ನಾಟಕದ ಹಳೇ ಸಾಮಾನು. ಅದರಲ್ಲಿ ಕೂಡ ಒಂದು ಒಳನೋಟ ಉಳಿದುಕೊಂಡಿದೆ. ಭಗೀರಥನಿಗೆ ಗೆಳೆಯನಿದ್ದ, ಕೆಲಸ ಸಿಕ್ಕಿತು. ಸುಧಾಕರನಿಗೆ ಹೆಂಡತಿಯಿದ್ದಳು, ಕೆಲಸದ ಬಾಗಿಲು ಮುಚ್ಚಿತ್ತು. ಬಿಟ್ಟು ಬಂದವನ ಮುಖಕ್ಕೆ ಬಾಗಿಲು ಹಾಕುವ ಆ ದೃಶ್ಯ ನನ್ನ ಮಟ್ಟಿಗೆ ಇಡೀ ನಾಟಕದಲ್ಲಿ ಅತಿ ಕ್ರೂರ, ಕೋಲು ಎತ್ತುವ ದೃಶ್ಯಕ್ಕಿಂತ ಕ್ರೂರ. ಕೋಲು ಎತ್ತಿದವನಿಗೆ ಅಮಲು ಏರಿತ್ತು. ಬಾಗಿಲು ಹಾಕಿದವರೆಲ್ಲ ಎಚ್ಚರದಲ್ಲಿದ್ದರು.

1986ರಲ್ಲಿ ಪುಣೆಯಲ್ಲಿ ಡಾ. ಅನಿತಾ ಅವಚಟ ಮತ್ತು ಲೇಖಕ ಅನಿಲ ಅವಚಟ ‘ಮುಕ್ತಾಂಗಣ’ ಎಂಬ ವ್ಯಸನಮುಕ್ತಿ ಕೇಂದ್ರ ತೆರೆದಾಗ ಆರಂಭದ ಹಣ ಕೊಟ್ಟವರು ಪು.ಲ. ದೇಶಪಾಂಡೆ. ಬೆಳಗಾವಿಯಲ್ಲಿ ಕೆಲಕಾಲ ಕಾಲೇಜು ಮೇಷ್ಟ್ರಾಗಿದ್ದ, ಬಾಲಗಂಧರ್ವರ ಹಾಡೆಂದರೆ ಪ್ರಾಣ ಬಿಡುತ್ತಿದ್ದ ಪು.ಲ. ಮರಾಠಿ ರಂಗಭೂಮಿ ಸಿಂಧುವಿಗಾಗಿ ಸುರಿಸಿದ ಕಣ್ಣೀರಿಗೆ ಹೀಗೊಂದು ಲೆಕ್ಕ ಚುಕ್ತಾ ಆಯಿತೆಂದು ನನಗೆ ಅನ್ನಿಸುತ್ತದೆ. ಅವರು ಹಾಗೆಂದುಕೊಂಡು ಕೊಟ್ಟರೆಂದಲ್ಲ. ಅಂಥ ಕಡೆ ರೋಗಿಯ ಜತೆ ಮನೆಯವರನ್ನೂ ಕೂರಿಸಿ ಮಾತಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲೂ ಹಾಗೆಯೇ. ಸಾಹಿತ್ಯ ಇನ್ನೂ ಅಲ್ಲಿಗೆ ಹೋಗಿಲ್ಲ. ಕುಡಿತ ಬಿಟ್ಟು ಮೂರು ತಿಂಗಳಾದ ಗಂಡ ಸಂಜೆ ಏಳು ಗಂಟೆಗೆ ಮನೆಗೆ ಬಂದು, ಏನು ಮಾಡಬೇಕೆಂದು ತಿಳಿಯದೆ ಸೋಫಾದ ತುದಿಯಲ್ಲಿ ಕೂತಿದ್ದಾನೆ. ಹೆಂಡತಿ ಅವನು ಹತ್ತಿರ ಬಂದಾಗಲೆಲ್ಲ ಅಭ್ಯಾಸಬಲದಿಂದ ಉಸಿರಿನ ವಾಸನೆ ನೋಡುತ್ತಾಳೆ. ಮಗಳು ಸ್ಕೂಲಿನ ಡೈರಿಗೆ ಸಹಿ ಹಾಕಿಸಲು ಇನ್ನೂ ಅಮ್ಮನ ಬಳಿಗೇ ಹೋಗುತ್ತಾಳೆ. ಸಾಯುವುದಕ್ಕೆ ನಮ್ಮಲ್ಲಿ ಐದು ಅಂಕದ ನಾಟಕ ಇದೆ. ಈ ಸಂಜೆಗೆ ಒಂದು ಪುಟವೂ ನನಗೆ ಸಿಕ್ಕಿಲ್ಲ.

ಇನ್ನು ಗೀತಾ. ತಳೀರಾಮನ ಹೆಂಡತಿ. ಸಿಂಧು ಮಾತಾಡದ ಕಡೆ ಇವಳು ಮಾತಾಡುತ್ತಾಳೆ. ಗಂಡನನ್ನು ಅವನ ಮುಖದ ಮೇಲೇ ಬೈಯುತ್ತಾಳೆ, ಅವನ ಕಪಟವನ್ನು ಬಯಲಿಗೆಳೆಯುತ್ತಾಳೆ. ಗಡಕರಿ ಅವಳನ್ನು ಹಾಸ್ಯದ ಪಾತ್ರವೆಂದು ಬರೆದರು. ದೊಡ್ಡ ಮನೆಯ ಸಿಂಧುವಿಗೆ ದುರಂತ, ಗುಮಾಸ್ತನ ಹೆಂಡತಿಗೆ ನಗೆ, ಆ ಕಾಲದ ರಂಗದ ಹಂಚಿಕೆಯೇ ಹಾಗೆ. ಇವತ್ತು ಓದಿದರೆ ನಿಜ ಹೇಳುವ ಅವಕಾಶ ಸಿಕ್ಕಿದ್ದು ಆ ನಗೆಯ ಮರೆಯಲ್ಲಿ ಇದ್ದವಳಿಗೆ ಮಾತ್ರ ಅನ್ನುವುದು ಕಾಣುತ್ತದೆ.

ಈ ನಾಟಕವನ್ನು ಹೊಸದಾಗಿ ಕನ್ನಡದಲ್ಲಿ ಆಡುವ ಮನಸ್ಸು ನಮ್ಮ ಯಾವುದಾದರೂ ಹೊರನಾಡ ಸಂಘಕ್ಕೆ ಬಂದರೆ, ಉದ್ದ ಮಾತುಗಳನ್ನು ಕತ್ತರಿಸುವುದು ಸುಲಭ, ಹಾಡು ಇಡಬೇಕೋ ಬೇಡವೋ ಎಂಬುದೂ ಹೇಗೋ ಬಗೆಹರಿಯುತ್ತದೆ. ಕಷ್ಟವಿರುವುದು ಸುಧಾಕರನಿಗೆ ಯಾವ ಕನ್ನಡ ಕೊಡಬೇಕು ಎಂಬಲ್ಲಿ. ರತ್ನನ ಕನ್ನಡ ಕೊಟ್ಟರೆ ಸಭೆ ನಗುತ್ತದೆ. ಕಂಪನಿ ನಾಟಕದ ಕನ್ನಡ ಕೊಟ್ಟರೆ ಅಳುತ್ತದೆ. ಅರ್ಧ ಇಂಗ್ಲಿಷು ಬೆರೆತ, ಸೋಮವಾರ ಬೆಳಿಗ್ಗೆ ಕಾಲ್‌ನಲ್ಲಿ “ಸ್ವಲ್ಪ ಹುಷಾರಿಲ್ಲ, ಕ್ಯಾಮೆರಾ ಆನ್ ಮಾಡಲ್ಲ” ಅನ್ನುವ ನಮ್ಮದೇ ಕನ್ನಡ ಕೊಟ್ಟರೆ ಸಭೆ ಏನು ಮಾಡುತ್ತದೋ ನೋಡಬೇಕು.